ಬಲಗಿವಿಯ ರಬ್ಬರು

"ಅಲ್ಲಾಡಬೇಡ," ಎಂದಳು ಮಾಸೂಮಾ.

ಸಕ್ಲೇನ್ ಅಲ್ಲಾಡಿದ. ಮಾತು ಬಂದದ್ದು ಅವನ ಬಲಗಡೆಯಿಂದ, ಅದಕ್ಕೇ ಕೇಳಿಸಿರಲಿಲ್ಲ. ನಾನು ಅವನ ಎಡಕ್ಕೆ ಹೋಗಿ ನಿಂತು, "ಸುಮ್ನೆ ಕೂರೋ ಮಾರಾಯ, ಕಿವಿಯೊಳಗೆ ಚಿಮಟ ಇದೆ," ಎಂದ ಮೇಲೆ ಕುರ್ಚಿಯ ಕೈ ಹಿಡಿದು ಗಟ್ಟಿಯಾಗಿ ಕೂತ.

ಠಾಣೆಯ ಹಿಂದಿನ ಕೋಣೆ. ಸಬ್‌ಇನ್ಸ್‌ಪೆಕ್ಟರ್ ಶಿಲ್ಪಶ್ರೀ ಮೇಡಂ ಕೈಕಟ್ಟಿ ನಿಂತಿದ್ದರು. ಕಾನ್‌ಸ್ಟೆಬಲ್ ಕಾರ್ತಿಕ ಮೊಬೈಲಿನಲ್ಲಿ ವಿಡಿಯೊ ಮಾಡುತ್ತಿದ್ದ. ಬುಧವಾರ ಬಸರೀಕಟ್ಟೆಯ ಕಾಫಿ ತೋಟವೊಂದರ ಗೋಡೌನಿನಿಂದ ಕಾಳುಮೆಣಸಿನ ಚೀಲಗಳು ಹೋಗಿದ್ದವು. ಕಾವಲಿನ ಕರಿಯಣ್ಣ ತಲೆಗೆ ಪೆಟ್ಟು ತಿಂದು ಶಿವಮೊಗ್ಗದ ಆಸ್ಪತ್ರೆಯಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದ. ಗೂಡ್ಸ್ ಆಟೋ ಓಡಿಸುವ ಈ ಸಕ್ಲೇನನನ್ನು ನಿನ್ನೆ ಸಂಜೆ ಹಿಡಿದು ತಂದಿದ್ದರು. ಇವತ್ತು ಸಂಜೆಯೊಳಗೆ ಅವನನ್ನು ಜಡ್ಜರ ಮುಂದೆ ನಿಲ್ಲಿಸಬೇಕು. ಕರಿಯಣ್ಣನಿಗೆ ಏನಾದರೂ ಆಗಿಬಿಟ್ಟರೆ ಕಳ್ಳತನದ ಕೇಸು ಕೊಲೆ ಕೇಸಾಗುತ್ತದೆ.

ಮಾಸೂಮಾ ಪೊಲೀಸಲ್ಲ. ಕೊಪ್ಪದ ಬಸ್‌ಸ್ಟ್ಯಾಂಡ್ ಎದುರು ಮಹಡಿಯ ಮೇಲೆ ಕಿವಿ ಪರೀಕ್ಷೆಯ ಕ್ಲಿನಿಕ್ ಇಟ್ಟಿದ್ದಾಳೆ. ನಾನು ಸುಂದರೇಶ, ಪೊಲೀಸ್ ಜೀಪು ಓಡಿಸಿ ಓಡಿಸಿ ಎರಡೂ ಕಿವಿ ಸರ್ಕಾರಕ್ಕೆ ಕೊಟ್ಟು ನಿವೃತ್ತನಾದವನು. ಅವಳ ಮೊದಲ ಗಿರಾಕಿ ನಾನೇ. ಕಿವಿಗೆ ಮಿಷನ್ ಹಾಕಿಸಿಕೊಂಡು ಮನೆಗೆ ಹೋದವನು ಮಾರನೇ ದಿನ ಬಂದು ಅವಳ ಬಾಗಿಲ ಬಳಿ ಕುರ್ಚಿ ಹಾಕಿ ಕೂತೆ, ಇವತ್ತಿಗೂ ಎದ್ದಿಲ್ಲ. ಬಂದವರನ್ನು ಬೆಂಚಿನಲ್ಲಿ ಕೂರಿಸುವುದು, ಅವಳು ಎಲ್ಲಾದರೂ ಪತ್ತೆಗೆ ಹೊರಟರೆ ಹಿಂದೆ ಹೋಗುವುದು, ಇವೇ ನನ್ನ ಕೆಲಸ. ಕಿವಿ ನೋಡುವವಳಿಗೆ ಪತ್ತೇದಾರಿಕೆ ಯಾಕೆ ಎಂದು ನಾನು ಬೈದದ್ದೂ ಉಂಟು. ಬೈದರೆ ಅವಳು ನಗುತ್ತಾಳೆ, ಅಷ್ಟೇ.

ಇವತ್ತು ಬೆಳಿಗ್ಗೆ ನಾವು ಬಾಗಿಲು ತೆಗೆಯುವ ಮುಂಚೆಯೇ ಸಕ್ಲೇನನ ಹೆಂಡತಿ ರುಹಿ ಮೆಟ್ಟಿಲ ಮೇಲೆ ಕೂತಿದ್ದಳು. ಗಂಡ ಕೇಳಿದ್ದಕ್ಕೆ ಉತ್ತರ ಕೊಡುತ್ತಿಲ್ಲ, ಪೊಲೀಸರು ಸೊಕ್ಕು ಅಂದುಕೊಂಡಿದ್ದಾರೆ, ತನ್ನ ಮಾತಿಗೂ ಅವನು ಅರ್ಧಕ್ಕೆ ಮಾತ್ರ ತಲೆ ಆಡಿಸಿದ ಎಂದಳು. ನನ್ನ ಮಿಷನ್ನಿಗೆ ಹೊಸ ಬ್ಯಾಟರಿ ಹಾಕುತ್ತಿದ್ದ ಮಾಸೂಮಾ ಕೈ ನಿಲ್ಲಿಸದೆ, ಅವನು ಅರ್ಧಕ್ಕೆ ತಲೆ ಆಡಿಸಿದಾಗ ನೀನು ಯಾವ ಕಡೆ ನಿಂತಿದ್ದೆ ಎಂದು ಕೇಳಿದಳು. ರುಹಿ ಕಣ್ಣು ಮುಚ್ಚಿ ನೆನಪು ಮಾಡಿಕೊಂಡು, ಬಲಗಡೆ, ಎಂದಳು. ಅಷ್ಟು ಸಾಕಾಯಿತು. ಬ್ಯಾಟರಿಯ ಮುಚ್ಚಳ ಒತ್ತಿ ಮಿಷನ್ನನ್ನು ನನ್ನ ಕೈಗೆ ಕೊಟ್ಟವಳೇ ಪೆಟ್ಟಿಗೆ ತೆಗೆದುಕೊಂಡು ಮೆಟ್ಟಿಲಿಳಿದಳು.

ಚಿಮಟ ನಿಧಾನವಾಗಿ ಹೊರಗೆ ಬಂತು. ಅದರ ತುದಿಯಲ್ಲಿ ಕರಿ ರಬ್ಬರಿನ ಪುಟ್ಟ ಟೊಪ್ಪಿ ಇತ್ತು.

ಸಕ್ಲೇನ್ ಬಲಗಿವಿ ಉಜ್ಜಿಕೊಂಡ. ಫ್ಯಾನು ತಿರುಗುತ್ತಿದೆ ಅಂತ ಈಗ ಗೊತ್ತಾಯಿತು ಅಕ್ಕ, ಎಂದು ಮೆಲ್ಲಗೆ ಹೇಳಿದ. ನನಗೆ ಅವನ ಮೇಲೆ ಎಲ್ಲಿಲ್ಲದ ಪ್ರೀತಿ ಬಂತು. ಮಿಷನ್ ಹಾಕಿಕೊಂಡ ದಿನ ನಾನೂ ಫ್ಯಾನಿನ ವಿಷಯವನ್ನೇ ಹೇಳಿದ್ದೆ.

ಶಿಲ್ಪಶ್ರೀ ಮೇಡಂ ಮೇಜಿನ ಮೇಲಿದ್ದ ಕವರು ಬಿಚ್ಚಿದರು. ಒಳಗೆ ಸಕ್ಲೇನನಿಂದ ತೆಗೆದುಕೊಂಡ ನೆಕ್‌ಬ್ಯಾಂಡ್, ಎಲ್ಲ ಡ್ರೈವರುಗಳ ಕುತ್ತಿಗೆಯಲ್ಲೂ ನೇತಾಡುವಂಥದ್ದು. ಕಿವಿಗೆ ಸಿಕ್ಕಿಸುವ ಎಡಗಡೆಯ ಗುಂಡಿಗೆ ರಬ್ಬರ್ ಇತ್ತು. ಬಲಗಡೆಯದು ಬೋಳು. ಮಾಸೂಮಾ ಮುಟ್ಟದೆ ಬಗ್ಗಿ ನೋಡಿ, ಇದನ್ನು ಇವನ ಕಿವಿಯಿಂದ ತೆಗೆದವರು ಯಾರು ಎಂದು ಕೇಳಿದಳು.

ಕಾರ್ತಿಕ ಮೊಬೈಲು ಕೆಳಗಿಳಿಸಿದ. ನಾನೇ, ಎಂದ. ಹಿಡಿಯುವಾಗ ಇವನು ಆಟೋದಲ್ಲಿ ಹಾಡು ಕೇಳುತ್ತಾ ಕೂತಿದ್ದ, ಕರೆದರೆ ತಿರುಗಲಿಲ್ಲ, ಅದಕ್ಕೆ ಬಲಗಡೆಯ ವೈರು ಹಿಡಿದು ಎಳೆದೆ. ಎಳೆದ ರಭಸಕ್ಕೆ ಗುಂಡಿ ಕೈಗೆ ಬಂದಿದೆ, ರಬ್ಬರು ಕಿವಿಯಲ್ಲೇ ಉಳಿದಿದೆ.

"ಹಾಗಾದರೆ ಹಿಡಿಯೋವರೆಗೂ ಎರಡು ಕಡೆಯೂ ರಬ್ಬರ್ ಇತ್ತು," ಎಂದಳು ಮಾಸೂಮಾ. "ಸೋಮವಾರ ಬಸ್ಸಿನಲ್ಲೂ ಇತ್ತು."

ಸೋಮವಾರದ ಬಸ್ಸೇ ಈ ಕೇಸಿನ ಬೇರು. ಸಕ್ಲೇನನ ಫೋನಿಗೆ ಅವತ್ತು ಮಧ್ಯಾಹ್ನ ಗೊತ್ತಿಲ್ಲದ ನಂಬರಿನಿಂದ ಒಂದು ವಾಯ್ಸ್ ಮೆಸೇಜ್ ಬಂದಿತ್ತು. ಸಂಜೆ ಕೊಪ್ಪದಿಂದ ನರಸಿಂಹರಾಜಪುರದ ಬಸ್ಸಿನಲ್ಲಿ ಹೋಗುತ್ತಾ ಅದನ್ನು ಒತ್ತಿದ್ದ. ಪಿಸುಪಿಸು ಅನ್ನುತ್ತಿತ್ತು, ಯಾರೋ ಆಟ ಆಡುತ್ತಿದ್ದಾರೆ ಅಂದುಕೊಂಡು ಬಿಟ್ಟೆ ಎಂಬುದು ಅವನ ಮಾತು. ಆದರೆ ಪಕ್ಕದ ಸೀಟಿನಲ್ಲಿ ಕೂತಿದ್ದವನು ಪ್ರಸನ್ನಕುಮಾರ್, ಅದೇ ತೋಟದಲ್ಲಿ ಲೆಕ್ಕ ಬರೆಯುವ ರೈಟರು. ಸಕ್ಲೇನನ ಇಯರ್‌ಫೋನಿನಿಂದ ಹೊರಗೆ ಬಂದ ಮಾತು ನನಗೂ ಕೇಳಿಸಿತು ಎಂದು ಅವನು ಪೊಲೀಸರಿಗೆ ಹೇಳಿದ್ದ. ಹೇಳಿದ ಮೇಲೆಯೇ ಪೊಲೀಸರು ಫೋನು ತೆಗೆಸಿ ನೋಡಿದ್ದು. ಮಾತು ಅವನು ಹೇಳಿದಂತೆಯೇ ಇತ್ತು.

ಅಂಥ ಸಾಕ್ಷಿ ಸಿಕ್ಕರೆ ಯಾವ ಪೊಲೀಸ್ ತಾನೇ ಬಿಟ್ಟಾರು? ನಾನಾದರೂ ಬಿಡುತ್ತಿರಲಿಲ್ಲ.

ಮಾಸೂಮಾ ಅದೇ ಜಾತಿಯ ನೆಕ್‌ಬ್ಯಾಂಡ್ ಒಂದನ್ನು ಬರುವ ದಾರಿಯಲ್ಲೇ ಕೊಂಡು ತಂದಿದ್ದಳು. ರಬ್ಬರು ಕಿವಿಯೊಳಗೆ ಸರಿಯಾಗಿ ಒತ್ತಿ, ಶಿಲ್ಪಶ್ರೀ ಮೇಡಂ ಫೋನಿನಲ್ಲಿದ್ದ ಮೆಸೇಜಿನ ಪ್ರತಿಯನ್ನು ಕೇಳಿದಳು. ಮತ್ತೆ ಕೇಳಿದಳು. ಮೂರೇ ಮಾತು. ಸಕ್ಲೇನ್, ಬುಧವಾರ ಗಾಡಿ ತಗೊಂಡು ಬಾ. ಗೋಡೌನಿನ ಹಿಂದಿನ ಬಾಗಿಲಿಗೆ ಬೀಗ ಇರೋದಿಲ್ಲ. ಕರಿಯಣ್ಣ ಊಟಕ್ಕೆ ಹೋದಮೇಲೆ ತುಂಬು. ಎಲ್ಲವೂ ಪಿಸುಮಾತು. ಪಿಸುಮಾತಿನಲ್ಲಿ ಗಂಡಸೋ ಹೆಂಗಸೋ ಗೊತ್ತಾಗುವುದಿಲ್ಲ, ಮುದುಕರೋ ಹರೆಯದವರೋ ಅದೂ ಗೊತ್ತಾಗುವುದಿಲ್ಲ. ನಂಬರಿನ ಸಿಮ್ ಯಾರದೋ ಸತ್ತವರ ಹೆಸರಿನಲ್ಲಿತ್ತಂತೆ.

"ಹಿಂದೆ ಏನೂ ಇಲ್ಲ," ಎಂದಳು ಕಣ್ಣು ಮುಚ್ಚಿಕೊಂಡೇ.

ಏನಿರಬೇಕಿತ್ತು ಎಂದು ಮೇಡಂ ಕೇಳಿದರು. ನಮ್ಮ ಕಡೆ ಎಲ್ಲೇ ಬಾಯಿ ಬಿಟ್ಟರೂ ಮಾತಿನ ಹಿಂದೆ ಏನಾದರೊಂದು ಇದ್ದೇ ಇರುತ್ತದೆ, ಜೀರುಂಡೆ, ಫ್ಯಾನು, ಕೋಳಿ, ದೂರದ ಲಾರಿ. ಇದರಲ್ಲಿ ಉಸಿರು ಬಿಟ್ಟರೆ ಬೇರೇನೂ ಇಲ್ಲ ಎಂದಳು ಮಾಸೂಮಾ. ಹುಬ್ಬು ಗಂಟಿಕ್ಕಿತ್ತು. ಆಮೇಲೆ ಆ ಯೋಚನೆಯನ್ನು ಅಲ್ಲಿಗೇ ಬಿಟ್ಟಳು.

ಮೇಡಂ ಬುದ್ಧಿವಂತೆ. ರಬ್ಬರ್ ಇದ್ದರೆ ಶಬ್ದ ಆಚೆ ಬರುವುದಿಲ್ಲ ಅಂತ ನೀವು ಬಾಯಲ್ಲಿ ಹೇಳಿದರೆ ನಾನು ಕೋರ್ಟಿಗೆ ಏನು ಹೇಳಲಿ, ನನ್ನ ಕಿವಿಗೇ ಗೊತ್ತಾಗಬೇಕು, ಎಂದರು. ಪ್ರಸನ್ನಕುಮಾರ್ ಪ್ರತಿ ಶನಿವಾರ ತೋಟದಿಂದ ಮುತ್ತಿನಕೊಪ್ಪದ ತನ್ನ ಮನೆಗೆ ಹೋಗುವವನು, ನರಸಿಂಹರಾಜಪುರದಲ್ಲಿ ಬಸ್ಸು ಬದಲಿಸುತ್ತಾನೆ. ನಾವೂ ಬಸ್ಸಿನಲ್ಲೇ ಹೋಗೋಣ, ದಾರಿಯಲ್ಲಿ ಕಿವಿಯ ಪರೀಕ್ಷೆ, ಕೊನೆಯಲ್ಲಿ ಅವನು ಎಂದು ತೀರ್ಮಾನವಾಯಿತು. ಮೇಡಂ ಒಳಗೆ ಹೋಗಿ ಚೂಡಿದಾರ ಹಾಕಿಕೊಂಡು ಬಂದರು.

ಹೊರಡುವ ಮುಂಚೆ ನಾನು ಮಗಳಿಗೆ ಫೋನು ಮಾಡಿದೆ. ನನ್ನ ಅಂಬಿಕಾ ಅದೇ ತೋಟದ ಆಫೀಸಿನಲ್ಲಿ ಕಂಪ್ಯೂಟರಿನ ಕೆಲಸ ಮಾಡುತ್ತಾಳೆ, ಅಲ್ಲೇ ಕೆಲಸಗಾರರ ಲೈನಿನ ಮನೆಯೊಂದರಲ್ಲಿ ಗೆಳತಿಯ ಜೊತೆ ಇದ್ದಾಳೆ. ಕರಿಯಣ್ಣನಿಗೆ ಪೆಟ್ಟು ಬಿದ್ದ ಸುದ್ದಿ ನನಗೆ ಮೊದಲು ಹೇಳಿದವಳೂ ಅವಳೇ, ಫೋನಿನಲ್ಲಿ ಅಳುತ್ತಿದ್ದಳು. ಕರಿಯಣ್ಣ ಅವಳಿಗೆ ದಿನಾ ಪೇರಲೆಯೋ ನೇರಳೆಯೋ ತಂದುಕೊಡುತ್ತಿದ್ದ. ಈ ವಾರ ಬರ್ತೀಯಾ ಎಂದರೆ, ಕೆಲಸ ಇದೆ ಅಪ್ಪ, ಎಂದಳು. ಧ್ವನಿ ಸೊರಗಿತ್ತು. ಊಟ ಬಿಡಬೇಡ ಎಂದು ನಾಲ್ಕು ಬೈದು ಇಟ್ಟೆ.

ಬಸ್ಸಿನಲ್ಲಿ ಹಾಡು ಭೋರ್ಗರೆಯುತ್ತಿತ್ತು. ನಮ್ಮ ಕಡೆಯ ಪ್ರೈವೇಟ್ ಬಸ್ಸುಗಳಿಗೆ ಟಯರು ಸವೆದಿದ್ದರೂ ನಡೆಯುತ್ತದೆ, ಸ್ಪೀಕರು ಕೆಡಬಾರದು. ನನ್ನ ಮಿಷನ್ ಕುಂಯ್ ಎಂದು ಸಿಳ್ಳೆ ಹಾಕಿತು. ಮಾಸೂಮಾ ಹಿಂದಿನಿಂದ ಕೈ ಚಾಚಿ ಅದನ್ನು ಒತ್ತಿ ಕೂರಿಸಿದಳು. ಕಿವಿಗೂ ಮಿಷನ್ನಿಗೂ ನಡುವೆ ಸಂದಿ ಬಿಟ್ಟರೆ ಒಳಗಿನ ಶಬ್ದ ಸೋರಿ ಹೊರಗೆ ಬರುತ್ತದೆ, ಅದೇ ಸಿಳ್ಳೆ, ಎಂದು ಅವಳು ನನಗೆ ನೂರು ಸಲ ಹೇಳಿದ್ದಾಳೆ. ಇಯರ್‌ಫೋನಿನದೂ ಅದೇ ಕಥೆ ಎಂದು ಮೇಡಂಗೆ ವಿವರಿಸಿದಳು. ಸಂದಿ ಇಲ್ಲದಿದ್ದರೆ ಒಳಗಿನದು ಹೊರಗೆ ಬರುವುದಿಲ್ಲ, ಹೊರಗಿನದು ಒಳಗೆ ಹೋಗುವುದಿಲ್ಲ.

ಅವತ್ತು ಕೂತಂತೆಯೇ ಕೂತರು. ಎಡಗಡೆಯ ಸಾಲಿನಲ್ಲಿ ಕಿಟಕಿಗೆ ಮಾಸೂಮಾ, ಸಕ್ಲೇನನ ಜಾಗದಲ್ಲಿ. ಅವಳ ಬಲಗಿವಿಯ ಪಕ್ಕ ಶಿಲ್ಪಶ್ರೀ ಮೇಡಂ, ಪ್ರಸನ್ನಕುಮಾರನ ಜಾಗದಲ್ಲಿ. ನಾನು ಮುಂದಿನ ಸೀಟಿನಲ್ಲಿ ಹಿಂದಕ್ಕೆ ತಿರುಗಿ ಕೂತೆ. ಈ ಪರೀಕ್ಷೆಗೆ ನನ್ನ ಕಿವಿಯ ತೀರ್ಪು ಯಾರಿಗೂ ಬೇಕಿರಲಿಲ್ಲ ಬಿಡಿ.

ಮೊದಲು ರಬ್ಬರ್ ಹಾಕಿಕೊಂಡು, ವಾಲ್ಯೂಮ್ ಪೂರಾ ಏರಿಸಿ ಮೆಸೇಜ್ ಹಾಕಿದಳು. ಮೇಡಂ ತಲೆ ಬಾಗಿಸಿದರು. ಇನ್ನೂ ಬಾಗಿಸಿದರು. ಅವರ ಕಿವಿ ಮಾಸೂಮಾಳ ಕೆನ್ನೆಗೆ ತಗುಲುವಷ್ಟು ಬಂತು. ಬಸ್ಸಿನ ಹಾಡು ಬಿಟ್ಟರೆ ಏನೂ ಇಲ್ಲ ಎಂದು ಕೈಯಾಡಿಸಿದರು. ನಿಂತಿದ್ದ ಕಂಡಕ್ಟರು ಈ ಇಬ್ಬರು ಹೆಂಗಸರನ್ನು ನೋಡಿ ನನ್ನ ಮುಖ ನೋಡಿದ. ಟಿಕೆಟ್ ಕೊಡು ಮಾರಾಯ, ಎಂದೆ.

ಆಮೇಲೆ ಬಲಗಡೆಯ ರಬ್ಬರ್ ಕಿತ್ತು ಬರಿ ಗುಂಡಿಯನ್ನು ಕಿವಿಗೆ ಸಿಕ್ಕಿಸಿ ಅದೇ ಮೆಸೇಜ್ ಹಾಕಿದಳು. ಬಸ್ಸು ಒಂದು ನಿಲ್ದಾಣದಲ್ಲಿ ನಿಂತು ಹಾಡು ಬದಲಾಗುವ ಹೊತ್ತಿಗೆ ಮೇಡಂಗೆ ಏನೋ ಕೇಳಿಸಿತು. ಚುಸ್ ಚುಸ್ ಅಂತ ಬರುತ್ತಿದೆ, ಒಗ್ಗರಣೆ ಸಿಡಿದ ಹಾಗೆ, ಮಾತು ಮಾತ್ರ ಒಂದೂ ಇಲ್ಲ ಎಂದರು. ಬಸ್ಸು ಹೊರಟಿತು. ಅದೂ ಹೋಯಿತು.

"ಈಗ ನನಗೂ ಕೇಳ್ತಾ ಇಲ್ಲ," ಎಂದಳು ಮಾಸೂಮಾ. "ರಬ್ಬರ್ ತೆಗೆದ ಕೂಡಲೇ ಬಸ್ಸು ಪೂರಾ ನನ್ನ ಕಿವಿಯೊಳಗೆ ಬಂತು. ಪಿಸುಮಾತು ಮುಳುಗಿ ಹೋಯ್ತು. ಅರ್ಥ ಆಯ್ತಲ್ಲ ಮೇಡಂ? ಸಂದಿ ಇಲ್ಲದಿದ್ರೆ ಪಕ್ಕದವರಿಗೆ ಕೇಳೋದಿಲ್ಲ. ಸಂದಿ ಇದ್ರೆ ಹಾಕಿಕೊಂಡವನಿಗೇ ಕೇಳೋದಿಲ್ಲ. ಎರಡರಲ್ಲಿ ಯಾವುದು ಹಿಡಿದರೂ ಪ್ರಸನ್ನಕುಮಾರ್ ಈ ಮಾತನ್ನ ಈ ಸೀಟಿನಲ್ಲಿ ಕೂತು ಕೇಳಿಲ್ಲ."

ಮೇಡಂ ಕಿತ್ತ ರಬ್ಬರನ್ನು ಬೆರಳಲ್ಲಿ ತಿರುಗಿಸಿ ನೋಡಿದರು. ಆಮೇಲೆ ಮೆಲ್ಲಗೆ, ಆದರೆ ಮಾತು ಮಾತ್ರ ಸರಿಯಾಗೇ ಹೇಳಿದ್ದಾನಲ್ಲ, ಎಂದರು. ಹೌದು, ಅದೇ ಎಂದಳು ಮಾಸೂಮಾ. ಸಂತೋಷ ನನಗೆ ತಡೆಯಲಾಗಲಿಲ್ಲ. ಮೆಸೇಜ್ ಕಳಿಸಿದವನೇ ಸಾಕ್ಷಿ ಹೇಳಿದ್ದಾನೆ, ಸಂಜೆಯೊಳಗೆ ಸಕ್ಲೇನ್ ಮನೆಯಲ್ಲಿ ಊಟ ಮಾಡುತ್ತಾನೆ, ಎಂದು ಜೋರಾಗಿ ಹೇಳಿಬಿಟ್ಟೆ. ಅರ್ಧ ಬಸ್ಸು ತಿರುಗಿ ನೋಡಿತು. ಕಿವಿ ಕೇಳದವರ ಗಂಟಲು ದೊಡ್ಡದು, ಏನು ಮಾಡುವುದು.

ಪ್ರಸನ್ನಕುಮಾರ್ ನರಸಿಂಹರಾಜಪುರದ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಸಿಕ್ಕ. ಕಾಲಬಳಿ ಚೀಲ ಇಟ್ಟುಕೊಂಡು ಬನ್ಸ್ ತಿನ್ನುತ್ತಿದ್ದ. ನಲವತ್ತರ ಆಸುಪಾಸಿನ ಸಾಧು ಮನುಷ್ಯ. ನನ್ನನ್ನು ನೋಡಿ ಎದ್ದು ನಿಂತ. ನಮಗೆ ಪರಿಚಯದವನೇ, ಸೋಮವಾರ ತಾಯಿಯನ್ನು ಕರೆದುಕೊಂಡು ನಮ್ಮ ಕ್ಲಿನಿಕ್ಕಿಗೆ ಬಂದಿದ್ದ. ನಮ್ಮಲ್ಲಿಗೆ ಹೋಗಿ ಅಂತ ಅಂಬಿಕಾಳೇ ಹೇಳಿ ಕಳಿಸಿದ್ದಳಂತೆ. ಪ್ರತಿ ಸೋಮವಾರ ಮಾಸೂಮಾ ಶೃಂಗೇರಿಗೆ ಹೋಗುವುದರಿಂದ ಅವಳು ಬರುವ ತನಕ ಇಬ್ಬರನ್ನೂ ಬೆಂಚಿನಲ್ಲಿ ಕೂರಿಸಿದ್ದು ನಾನೇ. ಆ ತಾಯಿಗೆ ಮಿಷನ್ ಅಳತೆಯೂ ಆಯಿತು. ಅಲ್ಲಿಂದ ಹೊರಟೇ ಆ ಬಸ್ಸು ಹತ್ತಿದ್ದರು.

ನಾವು ಅದೇ ಮೇಜಿಗೆ ಕೂತೆವು. ಚಾ ಬಂತು. ಮಾಸೂಮಾ ಮೊದಲು ತಾಯಿಯ ಕ್ಷೇಮ ಕೇಳಿದಳು. ಮುಂದಿನ ವಾರ ಮಿಷನ್ ಬರುತ್ತದೆ ಎಂದಳು. ಆಮೇಲೆ ಕೇಸಿನ ಮಾತು ತೆಗೆದು, ಅವತ್ತು ಕೇಳಿಸಿಕೊಂಡದ್ದನ್ನು ಇನ್ನೊಮ್ಮೆ ಹೇಳಬಹುದೇ ಎಂದು ವಿನಯದಿಂದ ಕೇಳಿದಳು. ಅವನು ಹೇಳಿಕೆಯಲ್ಲಿ ಬರೆಸಿದ ಮೂರು ಮಾತನ್ನೂ ಪಾಠದ ಹಾಗೆ ಒಪ್ಪಿಸಿದ.

"ಹೀಗಲ್ಲ," ಎಂದಳು ಅವಳು. "ನಿಮ್ಮ ಅಮ್ಮನಿಗೆ ಪರೀಕ್ಷೆ ಮಾಡಿದ್ದು ನೋಡಿದ್ರಲ್ಲ. ಕಿವಿಗೆ ಬಿದ್ದ ಹಾಗೇ ಬಾಯಲ್ಲಿ ಹೇಳ್ಬೇಕು. ಅದೇ ನಿಧಾನ, ಅದೇ ಪಿಸುಮಾತು. ಕಣ್ಣು ಮುಚ್ಚಿ."

ಪ್ರಸನ್ನಕುಮಾರ್ ನನ್ನ ಕಡೆ ನೋಡಿದ. ಹೇಳು ಮಾರಾಯ, ಎಂದೆ. ಕಣ್ಣು ಮುಚ್ಚಿದ. ಪಿಸುಮಾತಿನಲ್ಲಿ ಶುರು ಮಾಡಿದ. ಎಲ್ಲಿ ಉಸಿರು ಎಳೆಯಬೇಕೋ ಅಲ್ಲಿ ಎಳೆಯುತ್ತಾ, ಮೆಸೇಜಿನಲ್ಲಿ ಇದ್ದಂತೆಯೇ. ಸಕ್ಲೇನ್, ಬುಧವಾರ ಗಾಡಿ ತಗೊಂಡು ಬಾ. ಗೋಡೌನಿನ ಹಿಂದಿನ ಬಾಗಿಲಿಗೆ ಬೀಗ ಇರೋದಿಲ್ಲ. ಕರಿಯಣ್ಣ ಊಟಕ್ಕೆ ಹೋದಮೇಲೆ ತುಂಬು. ಅಲ್ಲಿಗೆ ನಿಲ್ಲಬೇಕಿತ್ತು. ಬಾಯಿ ನಿಲ್ಲಲಿಲ್ಲ.

"ಮೇಗುಂದದ ಹಳೇ ಅಕ್ಕಿ ಮಿಲ್ಲಿನ ಹತ್ರ ಇಳಿಸು."

ಕಣ್ಣು ಬಿಟ್ಟ. ಶಿಲ್ಪಶ್ರೀ ಮೇಡಂ ಲೋಟ ಕೆಳಗಿಟ್ಟಿದ್ದರು.

ಸಕ್ಲೇನನ ಫೋನಿನಲ್ಲಿ ಮೇಗುಂದದ ಮಾತು ಇಲ್ಲ ಎಂದು ಮಾಸೂಮಾ ತಿಳಿಸಿದಳು. ಧ್ವನಿ ಏರಿಸಲಿಲ್ಲ. ರಬ್ಬರಿನ ವಿಷಯ, ಬಸ್ಸಿನ ವಿಷಯ ಎರಡನ್ನೂ ಹೇಳಿದಳು. ಮೇಡಂ ಎದ್ದು ಹೊರಗೆ ಹೋಗಿ, ಮೇಗುಂದದ ಮಿಲ್ಲು ನೋಡಿ ಬರಲು ಫೋನಿನಲ್ಲಿ ಜನ ಕಳಿಸಿ, ವಾಪಸು ಬಂದು ಕೂತರು. ಅಷ್ಟು ಹೊತ್ತೂ ಪ್ರಸನ್ನಕುಮಾರ್ ತಟ್ಟೆಯಲ್ಲಿದ್ದ ಅರ್ಧ ಬನ್ಸನ್ನು ನೋಡುತ್ತಿದ್ದ.

"ನಾನು ಕಳಿಸಿದ್ದಲ್ಲ ಮೇಡಂ," ಎಂದ ಕೊನೆಗೆ. "ಕೇಳಿಸಿಕೊಂಡದ್ದು ನಿಜ. ಬಸ್ಸಿನಲ್ಲಿ ಅಲ್ಲ."

"ಮತ್ತೆ ಎಲ್ಲಿ?" ಎಂದಳು ಮಾಸೂಮಾ.

"ನಿಮ್ಮಲ್ಲೇ. ಕ್ಲಿನಿಕ್ಕಿನಲ್ಲಿ."

ನನಗೆ ನಗು ಬಂತು. ನಾನು ಇಡೀ ದಿನ ಅಲ್ಲೇ ಕೂತಿದ್ದೆನಲ್ಲ. ಆದರೆ ಮಾಸೂಮಾ ನಗಲಿಲ್ಲ, ಅವನು ಬಿಡಿಸಿ ಹೇಳುವವರೆಗೂ ಕಾದಳು. ಸೋಮವಾರ ಮಧ್ಯಾಹ್ನ ತಾಯಿ ಅವನ ಹೆಗಲಿಗೆ ಒರಗಿ ನಿದ್ದೆ ಹೋಗಿದ್ದರಂತೆ. ಪಕ್ಕದಲ್ಲಿದ್ದ ಪರೀಕ್ಷೆಯ ಮೇಜಿನ ಮೇಲೆ ದೊಡ್ಡ ಹೆಡ್‌ಫೋನ್ ಇತ್ತು, ಯಾರ ಕಿವಿಯಲ್ಲೂ ಇರಲಿಲ್ಲ. ಅದರಿಂದ ಪಿಸುಪಿಸು ಬರುತ್ತಿತ್ತು. ಸಕ್ಲೇನನ ಹೆಸರು ಕೇಳಿ ಅವನು ಕಿವಿಗೊಟ್ಟ. ಒಂದು ಸಲ ಪೂರಾ ಹೇಳಿ ನಿಂತಿತು. ಸ್ವಲ್ಪ ಬಿಟ್ಟು ಎರಡನೇ ಸಲ ಹೇಳಿದರು, ಆಗ ಮೇಗುಂದದ ಮಾತು ಬಿಟ್ಟರು. ಬಾಡಿಗೆ ಗಾಡಿಯ ಮಾತು ಇರಬೇಕು ಎಂದು ಅವನು ಅಲ್ಲಿಗೇ ಮರೆತ. ಸಂಜೆ ಬಸ್ಸಿನಲ್ಲಿ ಪಕ್ಕದಲ್ಲೇ ಸಕ್ಲೇನ್ ಕೂತಾಗಲೂ ಏನೂ ಅನಿಸಲಿಲ್ಲ. ಗುರುವಾರ ಬೆಳಿಗ್ಗೆ ಕರಿಯಣ್ಣನನ್ನು ಎತ್ತಿ ಜೀಪಿಗೆ ಹಾಕಿದವರಲ್ಲಿ ಅವನೂ ಒಬ್ಬ. ಆಗ ಎಲ್ಲ ನೆನಪಾಯಿತು.

"ಹೊಟ್ಟೇಲಿ ಇಟ್ಟುಕೊಳ್ಳೋಕೆ ಆಗಲಿಲ್ಲ," ಎಂದ. "ಎಲ್ಲಿ ಕೇಳಿದೆ ಅಂತ ಹೇಳೋಕೂ ಆಗಲಿಲ್ಲ. ಅದಕ್ಕೆ ಬಸ್ಸು ಅಂದೆ. ಸಕ್ಲೇನ್‌ಗೆ ಕಳಿಸಿದ್ದು ಅಂದಮೇಲೆ ಅವನೂ ಸೇರಿರ್ತಾನೆ ಅಂತ ನಂಬಿದ್ದೆ ಮೇಡಂ. ಅವನ ಹೆಂಡತಿ ನೆನಪಾದ್ರೆ ಈಗ ಅನ್ನ ಇಳಿಯೋದಿಲ್ಲ."

ಮಾಸೂಮಾ ಲೋಟವನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಜೀರುಂಡೆ ಇಲ್ಲ, ಫ್ಯಾನು ಇಲ್ಲ, ಬಸ್‌ಸ್ಟ್ಯಾಂಡಿನ ಎದುರೇ ಇದ್ದರೂ ಹಾರನ್ ಇಲ್ಲ, ಎಂದಳು ತನಗೆ ತಾನೇ. ಆಮೇಲೆ ಮೇಡಂಗೆ ಹೇಳಿದಳು. ಕಿವಿ ಪರೀಕ್ಷೆಗೆ ಅಂತ ನಮ್ಮಲ್ಲಿ ಒಂದು ಪುಟ್ಟ ಕೋಣೆ ಇದೆ, ಗೋಡೆಗೆಲ್ಲ ಸ್ಪಂಜು, ದಪ್ಪ ಬಾಗಿಲು, ಹೊರಗಿನ ಶಬ್ದ ಒಂದಿಷ್ಟೂ ಒಳಗೆ ಬರುವುದಿಲ್ಲ. ಒಳಗಿನವರು ಮಾತಾಡಿದರೆ ಹೊರಗಿನ ಮೇಜಿನ ಹೆಡ್‌ಫೋನಿಗೆ ಬರುವಂತೆ ಮೈಕು ಇಟ್ಟಿರುತ್ತದೆ. ಶನಿವಾರ ಕೊನೆಯ ಪೇಶೆಂಟು ಹೋದ ಮೇಲೆ ಆ ಮೈಕು ಆಫ್ ಮಾಡುವುದನ್ನು ನಾನೇ ಮರೆತಿದ್ದೆ. ಸೋಮವಾರ ಇವರ ಅಮ್ಮನ ಪರೀಕ್ಷೆಗೆ ಕೂತಾಗಲೇ ನೋಡಿದ್ದು, ಆನ್ ಆಗಿಯೇ ಇತ್ತು, ಎಂದಳು.

ಒಳಗೆ ಕೂತವರಿಗೆ ಅದು ಗೊತ್ತಿರಲಿಲ್ಲ. ಯಾರಿಗೂ ಕೇಳಿಸದ ಜಾಗ ಎಂದುಕೊಂಡು ಅಲ್ಲಿ ಕೂತಿದ್ದರು.

ಶಿಲ್ಪಶ್ರೀ ಮೇಡಂ ಪ್ರಸನ್ನಕುಮಾರನ ಕಡೆ ತಿರುಗಿದರು. ಆ ಕೋಣೆಯಿಂದ ಹೊರಗೆ ಬಂದವರು ಯಾರು?

"ಮುಖ ನೋಡಲಿಲ್ಲ," ಎಂದ. "ಅಮ್ಮನನ್ನ ಹಿಂದುಗಡೆ ಕರ್ಕೊಂಡು ಹೋಗಿದ್ದೆ. ಬರೋಷ್ಟರಲ್ಲಿ ಬಾಗಿಲು ತೆರೆದಿತ್ತು."

ಅವನು ಸುಳ್ಳು ಹೇಳುತ್ತಿದ್ದ. ಹೇಳುವಾಗ ಮೇಡಂ ಮುಖ ನೋಡಲಿಲ್ಲ, ಮಾಸೂಮಾಳ ಮುಖ ನೋಡಲಿಲ್ಲ, ನನ್ನ ಮುಖ ನೋಡಿದ. ಆ ನೋಟದಲ್ಲಿ ಹೆದರಿಕೆ ಇರಲಿಲ್ಲ. ನನ್ನ ಬಗ್ಗೆ ಕನಿಕರ ಇತ್ತು. ಆಗ ನನ್ನ ನಗು ಎಲ್ಲಿಗೋ ಹೋಯಿತು.

ಸೋಮವಾರ. ಮಾಸೂಮಾ ಇರಲಿಲ್ಲ. ಆ ಕೋಣೆಯ ಬೀಗ ತೆಗೆದದ್ದು ನಾನೇ, ಅದೂ ಒಬ್ಬರಿಗೆ ಮಾತ್ರ.

ಮೆಟ್ಟಿಲು ಹತ್ತಿ ಬಂದ ಕೂಡಲೇ ನನ್ನ ಅಂಗಿಯ ಕಾಲರ್ ಸರಿ ಮಾಡಿ, ಏನಪ್ಪ ಇದು ಈ ಬಸ್‌ಸ್ಟ್ಯಾಂಡಿನ ಗಲಾಟೆ, ಒಂದು ಫೋನು ಮಾತಾಡಬೇಕು, ಆ ಕೋಣೆ ತೆಗೀತೀಯಾ, ಎಂದಿದ್ದಳು. ತೆಗೆದೆ. ಮಗಳ ಮುಖದಲ್ಲಿ ಏನೋ ಒಂದು ಕಳವಳ ಕಂಡಿತು. ಯಾರೋ ಹುಡುಗ ಇರಬೇಕು, ನನಗೆ ಹೇಳುವ ಧೈರ್ಯ ಬಂದಿಲ್ಲ ಎಂದುಕೊಂಡು ಒಳಗೊಳಗೇ ಹಿಗ್ಗಿದೆ. ಆ ಕೋಣೆಯಿಂದ ಮಾತು ಹೊರಗೆ ಬರುವುದಿಲ್ಲ ಎಂದು ನನಗೆ ಗೊತ್ತು. ಆದರೂ ಹರೆಯದ ಮಗಳು ಫೋನಿನಲ್ಲಿ ಮಾತಾಡುವಾಗ ಅಪ್ಪ ಕಿವಿ ತೆರೆದು ಕೂರುವುದು ಮರ್ಯಾದೆಯಲ್ಲ ಎನಿಸಿತು. ಮಿಷನ್ ತೆಗೆದು ಕಿಸೆಗೆ ಹಾಕಿಕೊಂಡು ಪೇಪರು ಓದಿದೆ. ನನ್ನ ಕೈಯಳತೆಯಲ್ಲಿದ್ದ ಮೇಜಿನ ಮೇಲೆ ಹೆಡ್‌ಫೋನು ಎರಡು ಸಲ ಅದನ್ನು ಹೇಳಿತ್ತು. ನಾನು ಅಡಿಕೆಯ ರೇಟು ನೋಡುತ್ತಿದ್ದೆ.

ಇಲ್ಲ, ನನ್ನ ಕೂಸು ಹಾಗೆ ಮಾಡುವವಳಲ್ಲ. ಯಾರೋ ಹೆದರಿಸಿ ಹೇಳಿಸಿರಬೇಕು. ಕರಿಯಣ್ಣನಿಗಾಗಿ ಅವಳು ಅತ್ತದ್ದು ಸುಳ್ಳಲ್ಲ, ಆ ಅಳು ನನಗೆ ಗೊತ್ತು. ಆದರೆ ಈ ವಾರ ಮನೆಗೆ ಬರುವುದಿಲ್ಲ ಎಂದದ್ದು ಯಾಕೆ?

ಮೇಡಂ ಗಡಿಯಾರ ನೋಡಿಕೊಂಡರು. ಪ್ರಸನ್ನಕುಮಾರ್ ಸುಳ್ಳು ಹೇಳಿದ್ದು ನಿಜವಾದರೂ ಮೆಸೇಜು ಸಕ್ಲೇನನ ಫೋನಿನಲ್ಲೇ ಇದೆ, ಕಳಿಸಿದವರು ಸಿಗದಿದ್ದರೆ ಅವನನ್ನು ಕೋರ್ಟಿಗೆ ಕರೆದುಕೊಂಡು ಹೋಗಲೇಬೇಕಾಗುತ್ತದೆ ಎಂದರು. ಠಾಣೆಯ ಬಾಗಿಲಲ್ಲಿ ರುಹಿ ಬುತ್ತಿ ಹಿಡಿದು ಕೂತಿರುವುದು ನನಗೆ ಇಲ್ಲಿಂದಲೇ ಕಾಣುತ್ತಿತ್ತು.

"ಸುಂದರೇಶಣ್ಣ," ಎಂದಳು ಮಾಸೂಮಾ. "ಸೋಮವಾರ ಕೋಣೆ ಯಾರಿಗೆ ತೆಗೆದುಕೊಟ್ರಿ?"

ನನ್ನ ಕೈ ತಾನಾಗಿ ಕಿವಿಗೆ ಹೋಯಿತು. ಮಿಷನ್ ತೆಗೆದು ಮೇಜಿನ ಮೇಲೆ ಇಟ್ಟೆ. ಹೋಟೆಲು, ಬಸ್‌ಸ್ಟ್ಯಾಂಡು, ಎಲ್ಲ ದೂರ ಹೋದವು.

"ಎಂತ ಕೇಳಿದೆ?" ಎಂದೆ. "ಬ್ಯಾಟರಿ ಹೋಯ್ತು ಕಾಣ್ತದೆ. ಕೇಳಿಸ್ಲಿಲ್ಲ."

ಮಾಸೂಮಾ ನನ್ನನ್ನು ನೋಡುತ್ತಾ ಕೂತಳು. ನಾನು ಅವಳನ್ನು ನೋಡಲಾರದೆ ಚಾದ ಲೋಟ ನೋಡಿದೆ. ಅವಳು ಮಿಷನ್ನನ್ನು ಎತ್ತಿ, ಸೆರಗಿನ ತುದಿಯಿಂದ ಒರೆಸಿ, ಮೇಜಿನ ಮೇಲಿಂದ ಬಾಗಿ ತಾನೇ ನನ್ನ ಕಿವಿಗೆ ಹಾಕಿ ಬೆರಳಿನಿಂದ ಒತ್ತಿ ಕೂರಿಸಿದಳು. ಸಂದಿ ಉಳಿಯಲಿಲ್ಲ. ಸಿಳ್ಳೆಯೂ ಬರಲಿಲ್ಲ.

"ಬ್ಯಾಟರಿ ಸರಿಯಾಗಿದೆ. ಬೆಳಿಗ್ಗೆ ನಾನೇ ಹಾಕಿದ್ದು."

ಆಮೇಲೆ ಅದೇ ಪ್ರಶ್ನೆಯನ್ನು ಮತ್ತೆ ಕೇಳಿದಳು, ಈ ಸಲ ಪಿಸುಮಾತಿನಲ್ಲಿ. ಒಂದು ಅಕ್ಷರವೂ ಬಿಡದೆ ನನಗೆ ಕೇಳಿಸಿತು.